ಐರನ್‌ಮ್ಯಾನ್‌ಗೆ ಹೊರಟ ಅಳಿಯನಿಗೆ

ಗೋವಾದಲ್ಲಿ ಅರ್ಧ ದೂರ ಮುಗಿಸಿ ಬಂದೆ, ಸಂತೋಷ. ಈಗ ಪೂರ್ತಿ ಐರನ್‌ಮ್ಯಾನ್‌ಗೆ ಹೆಸರು ಕೊಡುವ ಯೋಚನೆ ಇದೆಯಂತೆ. ನಿನ್ನ ಅಮ್ಮ ಫೋನ್ ಮಾಡಿ, "ಅವನ ತಲೆ ಕೆಡಿಸಿದವನು ನೀನು, ಈಗ ನೀನೇ ಬುದ್ಧಿ ಹೇಳು" ಅಂದಳು. ಹೋಗಬೇಡ ಅನ್ನುವ ಬುದ್ಧಿ ನನ್ನಲ್ಲಿಲ್ಲ, ಅವಳಿಗೂ ಅದು ಗೊತ್ತು. ಹೋಗುವುದಾದರೆ ಹೇಗೆ ಹೋಗಬೇಕು ಅನ್ನುವುದನ್ನು ನೆನಪಾದ ಹಾಗೆ ಬರೆದಿದ್ದೇನೆ. ಕ್ರಮ ಹುಡುಕಬೇಡ.

• ಮೊದಲು ಲೆಕ್ಕ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ, ಒಟ್ಟು 226. ಕಾಗದದ ಮೇಲೆ ನೋಡಿದರೆ ಗೋವಾದಲ್ಲಿ ಮಾಡಿದ್ದರ ಎರಡು ಪಟ್ಟು. ದೇಹಕ್ಕೆ ಹಾಗೆ ಕಾಣುವುದಿಲ್ಲ. ಆರೇಳು ಗಂಟೆಯ ಕೆಲಸವನ್ನು ಹಟದ ಮೇಲೆ ಎಳೆದುಬಿಡಬಹುದು. ತಿಂದದ್ದು ಸ್ವಲ್ಪ ಕಡಿಮೆಯಾದರೂ, ಸೈಕಲ್ ಸ್ವಲ್ಪ ಜೋರಾಗಿ ತುಳಿದರೂ ಹೇಗೋ ಮುಗಿಯುತ್ತದೆ. ಹದಿಮೂರು, ಹದಿನಾಲ್ಕು ಗಂಟೆಯ ಕೆಲಸದಲ್ಲಿ ಬೆಳಿಗ್ಗೆ ಮಾಡಿದ ಸಣ್ಣ ಅವಸರಕ್ಕೂ ಸಂಜೆ ದಂಡ ಕಟ್ಟಬೇಕು. ಮುಂದೆ ನಾನು ಸುತ್ತಿ ಬಳಸಿ ಹೇಳುವುದೆಲ್ಲ ಇದನ್ನೇ: ತಡೆದುಕೊಳ್ಳುವುದನ್ನು ಅಭ್ಯಾಸ ಮಾಡು. ಜೋರಾಗಿ ಹೋಗುವುದು ನಿನಗೆ ಆಗಲೇ ಬರುತ್ತದೆ.

• ಗಡುವು ತಿಳಿದುಕೋ. ಸಾಮಾನ್ಯವಾಗಿ ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಮುಗಿಸಲು ಆರಂಭದಿಂದ 10 ಗಂಟೆ 30 ನಿಮಿಷ, ಎಲ್ಲ ಸೇರಿ 17 ಗಂಟೆ. ಕೆಲವು ಊರುಗಳಲ್ಲಿ ಇನ್ನೂ ಬಿಗಿ ಇರುತ್ತದೆ. ದುಡ್ಡು ಕಟ್ಟುವ ಮೊದಲು ಆ ಸ್ಪರ್ಧೆಯ ಕೈಪಿಡಿಯನ್ನು ಪೂರ್ತಿ ಓದು. ವಿಮಾನದಲ್ಲಿ ಕೂತು ಓದುವವರನ್ನು ನೋಡಿದ್ದೇನೆ.

• ಈ ಮೂರು ದೂರಗಳನ್ನು ಯಾವ ವೈದ್ಯರೂ ಕೂತು ನಿಗದಿ ಮಾಡಿದ್ದಲ್ಲ. ಹವಾಯಿಯ ಓಆಹು ದ್ವೀಪದಲ್ಲಿ ಆಗಲೇ ಒಂದು ಕಡಲ ಈಜು, ದ್ವೀಪ ಸುತ್ತುವ ಒಂದು ಸೈಕಲ್ ಸ್ಪರ್ಧೆ, ಹೊನಲುಲು ಮ್ಯಾರಥಾನ್ ಇದ್ದವು. ಅಮೆರಿಕ ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ ಅವನ್ನು ಒಂದೇ ದಿನಕ್ಕೆ ಹೊಲಿದರು, ಅಷ್ಟೇ. 1978ರ ಫೆಬ್ರವರಿಯಲ್ಲಿ ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೆರಡು ಗಂಟೆಗೆ ಕೆಲವೇ ನಿಮಿಷ ಕಡಿಮೆ ಹಿಡಿಯಿತು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ನ ಕತೆ ನಿನಗೆ ಬೇಕಾದದ್ದು. ಆಗ ಅವರವರ ನೀರು, ಊಟಕ್ಕೆ ಅವರವರ ಕಡೆಯವರೇ ಜೊತೆಗೆ ಬರಬೇಕಿತ್ತು. ಓಟದ ನಡುವೆ ಅವನ ಕಡೆಯವರ ಹತ್ತಿರ ನೀರು ಮುಗಿದು ಬಿಯರ್ ಕೊಟ್ಟರು. ಈಗ ಎರಡು ಕಿಲೋಮೀಟರಿಗೊಂದು ನೀರಿನ ಮೇಜು ಇರುತ್ತದೆ ಅಂತ ನಗಬೇಡ. ಆ ಮೇಜಿನ ಮೇಲೆ ಏನು ಇಟ್ಟಿರುತ್ತಾರೆ, ಅದು ನಿನ್ನ ಹೊಟ್ಟೆಗೆ ಒಗ್ಗುತ್ತದೆಯೇ ಅಂತ ತಿಂಗಳುಗಳ ಮೊದಲೇ ನೋಡಿಕೊಳ್ಳದಿದ್ದರೆ ನಿನ್ನ ಗತಿಯೂ ಅಷ್ಟೇ.

• ವೈದ್ಯರ ಹತ್ತಿರ ಹೋಗು. ನಲವತ್ತು ದಾಟಿದೆ ನಿನಗೆ, ನಿನ್ನ ತಾತನಿಗೆ ಹೃದಯದ ತೊಂದರೆ ಇತ್ತು ಅನ್ನುವುದೂ ಗೊತ್ತು. ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಮೂರನ್ನೂ ಮಾಡಿಸು. ಟ್ರಯಾಥ್ಲಾನ್‌ಗಳಲ್ಲಿ ಆಗಿರುವ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗಿವೆ, ಅವರಲ್ಲಿ ಚೆನ್ನಾಗಿ ಈಜು ಬರುತ್ತಿದ್ದವರೂ ಇದ್ದರು. ಹಲವರ ಹೃದಯದಲ್ಲಿ ಮೊದಲು ಗೊತ್ತಿಲ್ಲದ ದೋಷವಿತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಬಿ12, ವಿಟಮಿನ್ ಡಿ ನೋಡಿಸು. ನಮ್ಮಂಥ ಸೊಪ್ಪು ಸಾರಿನ ಮನೆಯವರಿಗೆ ಬಿ12 ಕಡಿಮೆ ಇರುವುದು ಮಾಮೂಲು, ಆಮೇಲೆ ತರಬೇತಿಯನ್ನು ಬೈಯುತ್ತಾ ಕೂರುತ್ತೇವೆ.

• ಎಂಟೊಂಬತ್ತು ತಿಂಗಳು ಇಟ್ಟುಕೋ. ವಾರಕ್ಕೆ ಎಂಟು, ಹತ್ತು ಗಂಟೆಯಿಂದ ಶುರುವಾಗಿ ಕೊನೆಯ ಎರಡು ತಿಂಗಳಲ್ಲಿ ಹದಿನೈದರ ಹತ್ತಿರ ಹೋಗುತ್ತದೆ. ಮೂರು ವಾರ ಏರಿಸು, ನಾಲ್ಕನೇ ವಾರ ಇಳಿಸು. ಇಳಿಸುವ ವಾರವನ್ನು ಬಿಟ್ಟುಬಿಡುವುದು ಐಟಿಯವರ ಕಾಯಿಲೆ. ಕಚೇರಿಯಲ್ಲಿ ಗುರಿ ಮೀರಿಸಿದರೆ ಶಹಬ್ಬಾಸ್ ಅನ್ನುತ್ತಾರಲ್ಲ, ಮೊಣಕಾಲು ಹಾಗೆ ಅನ್ನುವುದಿಲ್ಲ.

• ಅಭ್ಯಾಸದ ಬಹುಪಾಲು ನಿನಗೆ ನಾಚಿಕೆಯಾಗುವಷ್ಟು ನಿಧಾನವಾಗಿರಲಿ. ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಬ್ಬನೇ ಇದ್ದರೆ ಮಗ್ಗಿ ಹೇಳು. ಹದಿಮೂರರ ಮಗ್ಗಿ ಮಧ್ಯದಲ್ಲಿ ಉಸಿರು ಕಟ್ಟಿದರೆ ನೀನು ಜೋರಾಗಿ ಹೋಗುತ್ತಿದ್ದೀಯ. ವಾರದಲ್ಲಿ ಒಂದೆರಡು ಸಲ ಮಾತ್ರ ಗಟ್ಟಿಯಾದ ಅಭ್ಯಾಸ. ಕಬ್ಬನ್ ಪಾರ್ಕಿನಲ್ಲಿ ಯಾರೋ ಹಿಂದಿನಿಂದ ಬಂದು ದಾಟಿ ಹೋದರೆ ಹೋಗಲಿ ಬಿಡು.

• ಈಜು. ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ನಮ್ಮ ಕಡೆಯವರಿಗೆ ಕಷ್ಟವಾಗುವುದು ಇದೇ.

ನನ್ನ ಹಾಗೆ ನೀನೂ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು. ಬಾವಿಯಲ್ಲಿ ಕಲಿತವರಿಗೆ ನೀರಿನ ಭಯ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಎತ್ತಿಕೊಂಡೇ ಈಜುತ್ತೇವೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕಾಲು ಎಳೆದುಕೊಂಡು ಹೋಗಬೇಕು. ಮೊದಲ ಎರಡು ತಿಂಗಳು ದೂರದ ಚಿಂತೆ ಬಿಟ್ಟು ಒಬ್ಬ ಒಳ್ಳೆಯ ತರಬೇತುದಾರರ ಕೈಗೆ ಒಪ್ಪಿಸಿಕೋ. ಮುಖ ನೀರಿನೊಳಗೆ, ಉಸಿರು ನೀರಿನೊಳಗೇ ಬಿಡುವುದು, ಎರಡೂ ಕಡೆ ತಿರುಗಿ ಉಸಿರೆಳೆಯುವುದು. ಮೂರನೆಯದು ಯಾಕೆಂದರೆ, ಅಲೆ ಯಾವ ಕಡೆಯಿಂದ ಬರುತ್ತದೆ ಅಂತ ನೀನು ನಿರ್ಧರಿಸುವುದಿಲ್ಲ. ಕಾಲು ಬಡಿಯುವುದು ಕಡಿಮೆ ಇರಲಿ, ಆ ಕಾಲಿಗೆ ಮುಂದೆ ತುಂಬಾ ಕೆಲಸವಿದೆ.

ಕೊಳದಲ್ಲಿ ನಡುವೆ ನಿಲ್ಲದೆ 4 ಕಿ.ಮೀ. ಸಲೀಸಾಗಿ ಬಂದ ಮೇಲೆ ತೆರೆದ ನೀರು. ನಮ್ಮ ಕೆರೆಗಳಲ್ಲಿ ಹೂಳು, ಜೊಂಡು, ಚರಂಡಿ. ಜಲಾಶಯಗಳಲ್ಲಿ ಇಳಿಯಲು ಬಿಡುವುದಿಲ್ಲ, ಬಿಡಬಾರದು ಕೂಡ. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯ ತನಕ ಮಲ್ಪೆಗೋ ಮಂಗಳೂರಿನ ತಣ್ಣೀರುಬಾವಿಗೋ ಕೆಲವು ವಾರಾಂತ್ಯ ಹೋಗು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ನೀನೂ ಇಳಿಯಬೇಡ. ಇಳಿಯುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳು. ಸೆಳೆತ ಎಲ್ಲಿದೆ ಅಂತ ಅವರಿಗೆ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಬಡಿದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಗೆ ಬಾ. ಒಬ್ಬನೇ ಎಂದೂ ಇಳಿಯಬೇಡ. ಸೊಂಟಕ್ಕೆ ಕಟ್ಟುವ ಬಣ್ಣದ ತೇಲುಚೀಲ ಕೊಳ್ಳು. ದುಬಾರಿ ಸಾಮಾನುಗಳ ನಡುವೆ ಅಗ್ಗವಾಗಿ ಜೀವ ಉಳಿಸುವ ವಸ್ತು ಅದು.

ಸ್ಪರ್ಧೆಯ ದಿನ ಮೈಗೆ ಮೈ ತಾಗುತ್ತದೆ, ಯಾರದೋ ಕಾಲು ಕನ್ನಡಕಕ್ಕೆ ಬಡಿಯುತ್ತದೆ, ಎದೆ ಡವಗುಟ್ಟಿ ಉಸಿರು ಸಿಗದಂತಾಗುತ್ತದೆ. ಅನುಭವಿಗಳಿಗೂ ಆಗುತ್ತದೆ. ಆಗ ಅಂಗಾತ ತಿರುಗಿ ತೇಲು. ಅಲ್ಲಿರುವ ದೋಣಿಯನ್ನು ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು. ಅದರಿಂದ ಮುಂದಕ್ಕೆ ಎಳೆಸಿಕೊಳ್ಳದಿದ್ದರೆ ಸಾಕು, ನಿಯಮ ಅದಕ್ಕೆ ಅಡ್ಡಿ ಬರುವುದಿಲ್ಲ. ಆದರೆ ಕೆಮ್ಮು ನಿಲ್ಲದೆ ಬಂದರೆ, ಎದೆಯಲ್ಲಿ ಗೊರಗೊರ ಅಂದರೆ, ಕಫದಲ್ಲಿ ನೊರೆಯೋ ರಕ್ತವೋ ಕಂಡರೆ ಅದು ಗಾಬರಿಯಲ್ಲ, ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ತಕ್ಷಣ ಕೈ ಎತ್ತಿ ಹೊರಗೆ ಬಾ.

• ಎಂಟು ಹತ್ತು ಕೈ ಬೀಸಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು ದಾರಿ ತೋರಿಸುವ ಮುಂದಿನ ತೇಲುಬುರುಡೆ ಎಲ್ಲಿದೆ ನೋಡಿಕೋ. ಅಂಕುಡೊಂಕಾಗಿ ಈಜಿ 4.3 ಕಿ.ಮೀ. ಮಾಡುವವರು ಬಹಳ ಜನ. ಹೆಚ್ಚುವರಿ ಅರ್ಧ ಕಿಲೋಮೀಟರಿಗೆ ಪದಕ ಕೊಡುವುದಿಲ್ಲ.

• ನೀರು 24.5 ಡಿಗ್ರಿಗಿಂತ ಹೆಚ್ಚು ಬೆಚ್ಚಗಿದ್ದರೆ ನಿನ್ನಂಥ ವಯೋವರ್ಗದವರು ವೆಟ್‌ಸೂಟ್ ಹಾಕಿ ಬಹುಮಾನದ ಲೆಕ್ಕಕ್ಕೆ ಬರುವಂತಿಲ್ಲ. ಯುರೋಪಿಗೆ ಹೋಗುವುದಾದರೆ ಅದು ಬೇಕಾಗುತ್ತದೆ. ಕತ್ತು, ಕಂಕುಳಕ್ಕೆ ವ್ಯಾಸಲೀನ್ ಹಚ್ಚದೆ ಹಾಕಬೇಡ.

• ಸೈಕಲ್. ದಿನದ ಅರ್ಧಭಾಗ ಇದರ ಮೇಲೇ ಕಳೆಯುತ್ತದೆ, ಅಭ್ಯಾಸದಲ್ಲೂ ಅರ್ಧಭಾಗ ಇದಕ್ಕೇ ಕೊಡು.

ಎಲ್ಲಿ ತುಳಿಯುವುದು ಅನ್ನುವುದೇ ಮೊದಲ ಪ್ರಶ್ನೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋಗೇ ಬಿಡುವುದಿಲ್ಲ, ಸೈಕಲ್ಲಿಗೆ ಕೇಳಬೇಕೇ. ನಂದಿಬೆಟ್ಟದ ಕಡೆ ಎಲ್ಲರೂ ಹೋಗುತ್ತಾರೆ, ಹತ್ತುವ ಸುಖ ಇದೆ ನಿಜ. ಆದರೆ ನಿನಗೆ ಬೇಕಾದದ್ದು ಬೆಟ್ಟ ಅಲ್ಲ, ಐದಾರು ಗಂಟೆ ಬ್ರೇಕ್ ಹಿಡಿಯದೆ, ಮುಂದಕ್ಕೆ ಬಾಗಿ, ಒಂದೇ ಸಮನೆ ತುಳಿಯುವ ಅಭ್ಯಾಸ. ಚಿಕ್ಕಬಳ್ಳಾಪುರದ ಆಚೆ ವಾಹನ ಕಡಿಮೆ ಇರುವ ರಸ್ತೆಗಳನ್ನು ಹುಡುಕಿಕೋ, ನಾಲ್ಕೂವರೆಗೆ ಹೊರಟು ಹತ್ತಕ್ಕೆ ಮನೆ ಸೇರು. ಹಿಂದೆ ಮುಂದೆ ಎರಡೂ ಕಡೆ ದೀಪ. ಮಳೆಗಾಲದ ವಾರಗಳಲ್ಲಿ ಮನೆಯೊಳಗೆ ಟ್ರೇನರ್ ಮೇಲೆ ತುಳಿ. ಅದರಲ್ಲಿ ಅವಮಾನವೇನೂ ಇಲ್ಲ, ಲಾರಿಯೂ ಇಲ್ಲ.

200 ಕಿ.ಮೀ.ನ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ಉದ್ದ ಸೈಕಲ್ ಸವಾರಿ, ಒಂದೆರಡು ಮಾಡು. 13 ಗಂಟೆ 30 ನಿಮಿಷದ ಗಡುವು, ಒಳ್ಳೆಯ ಸಂಗ, ಸೀಟಿನ ಮೇಲೆ ಕೂರುವ ತಾಳ್ಮೆ ಬರುತ್ತದೆ. ಅದನ್ನೇ ತರಬೇತಿ ಅಂದುಕೊಳ್ಳಬೇಡ. ಅಲ್ಲಿ ಇಡ್ಲಿಗೆ, ಕಾಫಿಗೆ ಇಳಿಯುತ್ತೀರಿ, ಇಲ್ಲಿ ಇಳಿಯುವುದಿಲ್ಲ.

ಪವರ್ ಮೀಟರ್ ಇದ್ದರೆ, ಒಂದು ಗಂಟೆ ಎಡೆಬಿಡದೆ ತುಳಿಯಬಲ್ಲ ನಿನ್ನ ಶಕ್ತಿಯ ನೂರಕ್ಕೆ 65ರಿಂದ 70ರ ಒಳಗೆ 180 ಕಿ.ಮೀ. ಮುಗಿಸು. ಮೊದಲ ಒಂದು ಗಂಟೆ ಅದಕ್ಕಿಂತಲೂ ಕಡಿಮೆ. ಈಜಿ ಬಂದ ಉತ್ಸಾಹ, ಜನರ ಕೇಕೆ, ಹೊಸ ಟಯರು ಎಲ್ಲ ಸೇರಿ ಕಾಲಿಗೆ ಹಗುರ ಅನ್ನಿಸುತ್ತದೆ. ಆ ಒಂದು ಗಂಟೆಯಲ್ಲಿ ನೂರು ಜನ ನಿನ್ನನ್ನು ದಾಟಿ ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನ ಓಟದ ಮೂವತ್ತನೇ ಕಿಲೋಮೀಟರಿನಲ್ಲಿ ನಡೆಯುತ್ತಾ ಸಿಗುತ್ತಾರೆ. ಆಗ ಅವರನ್ನು ಮಾತಾಡಿಸು, ಒಳ್ಳೆಯ ಜನ.

• ಪಂಕ್ಚರ್ ಹಾಕುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ಕಲಿ. ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಚೈನ್ ಕೂರಿಸಿ ಹತ್ತು ನಿಮಿಷದಲ್ಲಿ ಹೊರಡಬೇಕು. ಟ್ಯೂಬ್ ಹಾಕುವ ಮೊದಲು ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆ. ಎಷ್ಟು ಸಲ ಹೇಳಿದರೂ ಮರೆಯುತ್ತೀರಿ.

• ಊಟ. ನಿನ್ನ ಗೆಳೆಯರೆಲ್ಲ ಇದನ್ನು ನಾಲ್ಕನೇ ವಿಭಾಗ ಅನ್ನುತ್ತಾರಂತೆ. ನನ್ನ ಪ್ರಕಾರ ಮೊದಲನೆಯದೇ ಇದು.

ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಹೆಚ್ಚೆಂದರೆ ಅರ್ಧ ಕಿಲೋ. ಎರಡು ಸಾವಿರ ಕ್ಯಾಲರಿಯಷ್ಟು. ದಿನದ ಖರ್ಚು ಎಂಟು ಸಾವಿರವನ್ನೂ ದಾಟಬಹುದು. ನಿಧಾನವಾಗಿ ಹೋದರೆ ಉಳಿದದ್ದರಲ್ಲಿ ಬಹುಪಾಲನ್ನು ಕೊಬ್ಬು ಕೊಡುತ್ತದೆ. ಜೋರು ಹೋದಷ್ಟೂ ಕೊಬ್ಬು ಹಿಂದೆ ಉಳಿದು ಸಕ್ಕರೆಯೇ ಉರಿಯುತ್ತದೆ. ಹಾಗಾಗಿ ಸೈಕಲ್ಲಿನ ಮೇಲೆ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಸೌದೆ ಒಲೆಯ ಹಾಗೆ, ಆರುವ ತನಕ ಕಾದು ಒಟ್ಟಿಗೆ ತುರುಕಿದರೆ ಹೊಗೆ. ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಹಸಿವೆ ಆಗುವ ಮೊದಲೇ. ಗಡಿಯಾರಕ್ಕೆ ಗಂಟೆ ಇಟ್ಟುಕೋ.

ಈ ಲೆಕ್ಕವನ್ನು ನಮ್ಮ ಪದಾರ್ಥದಲ್ಲಿ ನೋಡು. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು. ಬರೀ ಹಣ್ಣಿನಿಂದಲೇ ಆಗಬೇಕಾದರೆ ಗಂಟೆಗೆ ಮೂರು, ಆರು ಗಂಟೆಗೆ ಒಂದು ಚಿಪ್ಪಿಗೂ ಹೆಚ್ಚು, ಹೊಟ್ಟೆ ಒಪ್ಪುವುದಿಲ್ಲ. ಬೇಯಿಸಿ ಉಪ್ಪು ಹಚ್ಚಿದ ಸಣ್ಣ ಆಲೂಗಡ್ಡೆ, ಖರ್ಜೂರ, ಚಿಕ್ಕ ತುಂಡು ಬೆಲ್ಲ ಮೊದಲ ಮೂರು ಗಂಟೆಗೆ ಚೆನ್ನ. ಕಡಲೆ ಚಿಕ್ಕಿ ರುಚಿ, ಆದರೆ ಅದರಲ್ಲಿ ಕೊಬ್ಬು ಜಾಸ್ತಿ, ನಿಧಾನ ಜೀರ್ಣ. ಬಾಟಲಿಯಲ್ಲಿ ಹೋಗುವುದೇ ಸುಲಭ: ಮುಕ್ಕಾಲು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆ. ನಗಬೇಡ. ಅಂಗಡಿಯ ಪುಡಿಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡನ್ನೂ ಸೇರಿಸಿ ಮಾರುವುದು, ಎರಡೂ ಕರುಳಿನಿಂದ ಬೇರೆ ಬೇರೆ ದಾರಿಯಲ್ಲಿ ರಕ್ತಕ್ಕೆ ಸೇರುತ್ತವೆ ಅನ್ನುವ ಕಾರಣಕ್ಕೆ. ನಮ್ಮ ಸಕ್ಕರೆಯಲ್ಲಿ ಅವೆರಡೂ ಅರ್ಧರ್ಧ ಇವೆ. ತುಂಬಾ ಸಿಹಿಯಾಗಿ ಬಾಯಿ ಕಟ್ಟಿದರೆ ಆಗ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಬೆರೆಸು, ಅದರಲ್ಲಿ ಸಿಹಿ ಕಡಿಮೆ.

ಕೊನೆಯ ಗಂಟೆಗಳಿಗೆ ಜೆಲ್, ಕೋಲಾ. ಆದರೆ ಏನೇ ಆಗಲಿ, ಪ್ರತಿ ಭಾನುವಾರದ ಉದ್ದ ಸವಾರಿಯಲ್ಲಿ ಅದನ್ನೇ ಅಷ್ಟೇ ಪ್ರಮಾಣದಲ್ಲಿ ತಿಂದು ನೋಡಿರಬೇಕು. ಕರುಳಿಗೂ ತರಬೇತಿ ಬೇಕು. 40 ಗ್ರಾಂನಿಂದ ಶುರುಮಾಡಿ ತಿಂಗಳುಗಟ್ಟಲೆ ಏರಿಸು. ಸ್ಪರ್ಧೆಯ ಹಿಂದಿನ ದಿನದ ಸಂತೆಯಲ್ಲಿ ಪುಕ್ಕಟೆ ಕೊಟ್ಟ ಹೊಸ ಜೆಲ್ ತಿಂದು ಶೌಚಾಲಯದಲ್ಲಿ ಸ್ಪರ್ಧೆ ಕಳೆದವರಿದ್ದಾರೆ.

• ಹಿಂದಿನ ಎರಡು ದಿನ ಅನ್ನ ಜಾಸ್ತಿ, ಸೊಪ್ಪು, ಕಾಳು, ಮುದ್ದೆ ಕಡಿಮೆ. ರಾಗಿ ಒಳ್ಳೆಯದು ಅಂತ ನಿನ್ನಮ್ಮ ಹುರಿಹಿಟ್ಟು ಕಟ್ಟಿಕೊಡುತ್ತಾಳೆ. ತರಬೇತಿಯ ತಿಂಗಳುಗಳಲ್ಲಿ ತಿನ್ನು. ಆ ಎರಡು ದಿನ ನಾರಿನ ಅಂಶ ಹೊಟ್ಟೆಯಲ್ಲಿ ಕೂತಿರುವುದು ಬೇಡ. ಮೊಸರನ್ನ ನಿನಗೆ ಒಗ್ಗಿದ್ದರೆ ರಾತ್ರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

• ನೀರು ಜಾಸ್ತಿ ಕುಡಿದರೂ ಅಪಾಯ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ನೀನು ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಪರು, ಜೀವಕ್ಕೇ ಸಂಚಕಾರ. ಬೆರಳಿನ ಉಂಗುರ ಬಿಗಿಯಾಗಿ, ಮೈ ತೂಕ ಏರಿದ್ದರೆ ಅದರ ಸೂಚನೆ ಇರಬಹುದು. ನಿನಗೆಷ್ಟು ಬೇಕು ಅಂತ ಮನೆಯಲ್ಲೇ ಅಳೆ: ಒಂದು ಗಂಟೆ ತುಳಿಯುವ ಮೊದಲು, ಆಮೇಲೆ, ಬಟ್ಟೆಯಿಲ್ಲದೆ ತೂಕ ನೋಡು. ಇಳಿದ ಒಂದು ಕಿಲೋಗೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನು ಕೂಡಿಸು. ಬೆಂಗಳೂರಿನ ಡಿಸೆಂಬರ್‌ನಲ್ಲಿ ಒಮ್ಮೆ, ಮಂಗಳೂರಿನ ಏಪ್ರಿಲ್‌ನಲ್ಲಿ ಒಮ್ಮೆ ಅಳೆದರೆ ನೀನೇ ಬೆಚ್ಚುತ್ತೀಯ. ಓಆರ್‌ಎಸ್ ಪೊಟ್ಟಣ ಉಪ್ಪಿಗೆ ಒಳ್ಳೆಯದು, ಶಕ್ತಿಗಲ್ಲ, ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ.

• ನೋವಿನ ಮಾತ್ರೆ ಜೇಬಿನಲ್ಲಿ ಇಟ್ಟುಕೊಳ್ಳಲೇಬೇಡ. ನೀರಿಲ್ಲದೆ ಒಣಗಿದ ಮೈಗೆ ಐಬುಪ್ರೊಫೇನ್ ಬಿದ್ದರೆ ಮೂತ್ರಪಿಂಡಕ್ಕೆ ಏಟು. ಸ್ಪರ್ಧೆ ಮುಗಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಹೋಟೆಲಿಗೆ ಹೋಗಬೇಡ, ಆಸ್ಪತ್ರೆಗೆ ಹೋಗು.

• ಓಟ. ತರಬೇತಿಯಲ್ಲಿ 42 ಕಿ.ಮೀ. ಓಡಬೇಕಾಗಿಲ್ಲ. ಎರಡೂವರೆಯಿಂದ ಮೂರು ಗಂಟೆಯ ಓಟ ಸಾಕು, ಅದಕ್ಕಿಂತ ಜಾಸ್ತಿಯಾದರೆ ಗಾಯ ಹೆಚ್ಚು, ಲಾಭ ಕಡಿಮೆ. ಸೈಕಲ್ ಇಳಿದ ತಕ್ಷಣ ಅರ್ಧ ಗಂಟೆ ಓಡುವುದನ್ನು ವಾರಕ್ಕೊಮ್ಮೆ ತಪ್ಪಿಸಬೇಡ. ಸ್ಪರ್ಧೆಯಲ್ಲಿ ಮೊದಲಿನಿಂದಲೇ ಪ್ರತಿ ನೀರಿನ ಮೇಜಿನ ಬಳಿ ನಡೆ: ಒಂದು ಲೋಟ ಕುಡಿ, ಒಂದು ಲೋಟ ತಲೆಗೆ, ಟೋಪಿಯೊಳಗೆ ಐಸು, ಮತ್ತೆ ಓಡು. ಸುಸ್ತಾದ ಮೇಲೆ ನಡೆಯುವುದಕ್ಕೂ ಯೋಜನೆ ಮಾಡಿ ನಡೆಯುವುದಕ್ಕೂ ಒಂದು ಗಂಟೆಯ ವ್ಯತ್ಯಾಸ ಬರುತ್ತದೆ.

• ವಾರಕ್ಕೆರಡು ಸಲ ಬಸ್ಕಿ, ದಂಡ, ಸೊಂಟದ ವ್ಯಾಯಾಮ. ಗರಡಿಯವರು ಹೇಳಿಕೊಟ್ಟದ್ದೇ ಸಾಕು.

• ಯಾವ ಊರಿಗೆ ಹೋಗುವುದು? ಹವಾಯಿಯ ಕೋನಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆ ಗಳಿಸಿ ಹೋಗಬೇಕು, ಅದನ್ನು ಸದ್ಯಕ್ಕೆ ಮರೆ. ಮಲೇಷ್ಯಾದ ಲಂಕಾವಿ ಹತ್ತಿರ, ಊಟ ಒಗ್ಗುತ್ತದೆ, ಆದರೆ ಸೆಕೆ ಮೈ ಹಿಂಡುತ್ತದೆ, ರಸ್ತೆಯೂ ಏರಿಳಿತ. ಆಸ್ಟ್ರೇಲಿಯಾದ ಬಸ್ಸಲ್ಟನ್, ಜರ್ಮನಿಯ ಹ್ಯಾಂಬರ್ಗ್ ಸಪಾಟು. ಸಪಾಟು ಅಂದರೆ ಸುಲಭ ಅಂತಲ್ಲ, ಸೀಟಿನಿಂದ ಏಳಲು ಬೆಟ್ಟವೇ ಸಿಗುವುದಿಲ್ಲ, ಬೆನ್ನು ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ತಂಪು, ಒಣ ಹವೆಯಲ್ಲಿ ಅಭ್ಯಾಸ ಮಾಡಿದವನು ಸೆಕೆಯ ಊರಿಗೆ ಹೋಗುವುದಾದರೆ ಮುಂಚಿನ ಹತ್ತು ಹದಿನಾಲ್ಕು ದಿನ ಬಿಸಿಗೆ ಮೈ ಹೊಂದಿಸಬೇಕು. ಮಧ್ಯಾಹ್ನ ನಿಧಾನವಾಗಿ ಓಡು, ಫ್ಯಾನ್ ಇಲ್ಲದೆ ಟ್ರೇನರ್ ತುಳಿ. ಆದರೆ ಒಬ್ಬನೇ ಇದ್ದಾಗ ಬೇಡ.

• ದುಡ್ಡು. ಪ್ರವೇಶ ಶುಲ್ಕವೇ ದುಬಾರಿ, ವಿಮಾನ, ಹೋಟೆಲು, ಸೈಕಲ್ ಪೆಟ್ಟಿಗೆ ಬೇರೆ. ಅಷ್ಟು ಖರ್ಚು ಮಾಡಿ ಕಾರ್ಬನ್ ಚಕ್ರಕ್ಕೆ ಸಾಲ ಮಾಡಬೇಡ. ಈಗಿರುವ ಸೈಕಲ್ಲನ್ನು ಮೈ ಅಳತೆಗೆ ಸರಿಯಾಗಿ ಹೊಂದಿಸಿಕೋ. ಚಕ್ರದಿಂದ ಉಳಿಯುವ ನಿಮಿಷಗಳಿಗಿಂತ ನೋಯದ ಕತ್ತಿನಿಂದ ಉಳಿಯುವುದು ಹೆಚ್ಚು.

• ಮನೆ. ವಾರಕ್ಕೆ ಹದಿನೈದು ಗಂಟೆ ಅಂದರೆ ಅದು ನಿನ್ನದಷ್ಟೇ ಅಲ್ಲ, ನಿನ್ನ ಹೆಂಡತಿಯದೂ ಹೌದು. ಭಾನುವಾರ ಹತ್ತಕ್ಕೆ ಬಂದು ಬಿದ್ದುಕೊಳ್ಳುವ ಗಂಡನನ್ನು ಎಂಟು ತಿಂಗಳು ಸಹಿಸುವುದು ಅವಳ ಕರ್ತವ್ಯ ಅಂತ ಎಲ್ಲೂ ಬರೆದಿಲ್ಲ. ಹೆಸರು ಕೊಡುವ ಮೊದಲು ಅವಳ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂರು. ಮಗುವಿನ ಪರೀಕ್ಷೆ, ನಾದಿನಿ ಮದುವೆ, ಗೌರಿ ಹಬ್ಬ ಎಲ್ಲ ಗುರುತು ಮಾಡು, ಉಳಿದ ಜಾಗದಲ್ಲಿ ತರಬೇತಿ ಹಾಕು. ವಾರದಲ್ಲಿ ಒಂದು ದಿನ ಬೆಳಿಗ್ಗೆ ಅವಳಿಗೆ ಪೂರ್ತಿ ಬಿಡು, ಮಗುವಿನ ಡಬ್ಬಿ ನೀನು ಕಟ್ಟು. ಕೆಲಸದ ಜೊತೆ ಇದನ್ನು ನಡೆಸಿ ಮನೆ ಮುರಿದುಕೊಂಡವರ ಬಗ್ಗೆ ಪದಕದ ಫೋಟೊಗಳ ಕೆಳಗೆ ಯಾರೂ ಬರೆಯುವುದಿಲ್ಲ.

• ನಿದ್ದೆ ಏಳೂವರೆ ಗಂಟೆ. ಆಗದಿದ್ದರೆ ಮರುದಿನದ ಅಭ್ಯಾಸ ಬಿಡು, ನಿದ್ದೆ ಬಿಡಬೇಡ.

• ನಿಯಮಗಳಲ್ಲಿ ನಮ್ಮವರು ಸಿಕ್ಕಿಬೀಳುವ ಕೆಲವು: ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಪಟ್ಟಿ ಬಿಗಿದಿರಬೇಕು. ಮುಂದಿನವನಿಂದ 12 ಮೀಟರ್ ದೂರ, ಅದರೊಳಗೆ ಹೋದರೆ 25 ಸೆಕೆಂಡಿನಲ್ಲಿ ದಾಟಿಬಿಡಬೇಕು. ಕಿವಿಗೆ ಹಾಡು ಹಾಕುವಂತಿಲ್ಲ. ಜೆಲ್‌ನ ಪೊಟ್ಟಣ ರಸ್ತೆಯಲ್ಲಿ ಎಸೆಯುವಂತಿಲ್ಲ. ಹೊರಗಿನವರಿಂದ ನೀರು ಕೂಡ ತೆಗೆದುಕೊಳ್ಳುವಂತಿಲ್ಲ, ನಿನ್ನ ಹೆಂಡತಿ ಕೊಟ್ಟರೂ.

• 1982ರಲ್ಲಿ ಕೋನಾದಲ್ಲಿ ಮುಂದಿದ್ದ ಜೂಲಿ ಮಾಸ್ ಅಂತಿಮ ಗೆರೆಯ ಹತ್ತಿರ ಕುಸಿದು, ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋದ ಮೇಲೆ ಅಂಬೆಗಾಲಿಟ್ಟು ಗೆರೆ ಮುಟ್ಟಿದರು. ಆ ಟಿ.ವಿ. ದೃಶ್ಯದಿಂದಲೇ ಈ ಆಟ ಲೋಕಪ್ರಸಿದ್ಧವಾಯಿತು. ಎಲ್ಲರೂ ಅದನ್ನು ತೋರಿಸಿ ಹುರಿದುಂಬಿಸುತ್ತಾರೆ. ನನಗೆ ಅದನ್ನು ನೋಡಿದಾಗ ಹೊಟ್ಟೆಗೆ ಬೇಕಾದದ್ದು ಹೋಗಿರಲಿಲ್ಲ ಅಂತಲೇ ಕಾಣುತ್ತದೆ. ಅವರಿಗೆ ಆಗ 23 ವರ್ಷ. ಬೆವರು ನಿಂತುಹೋಗಿ ಚಳಿ ಬಂದರೆ, ನಡಿಗೆ ತೂರಾಡಿದರೆ, ನಿನ್ನ ಹೆಸರು ಕೇಳಿದವರಿಗೆ ತಡವರಿಸಿದರೆ ನಿಲ್ಲಿಸು. ಇದನ್ನು ಈಗಲೇ ತೀರ್ಮಾನ ಮಾಡಿ ಬರೆದಿಡು, ಆ ಹೊತ್ತಿಗೆ ತೀರ್ಮಾನ ಮಾಡುವ ಬುದ್ಧಿ ಇರುವುದಿಲ್ಲ.

• ವಯಸ್ಸಾಯಿತು ಅನ್ನುವ ಅವಸರ ಬೇಡ. ಜಪಾನಿನ ಹಿರೋಮು ಇನಾಡಾ 2018ರಲ್ಲಿ 85ರ ವಯಸ್ಸಿನಲ್ಲಿ ಕೋನಾದ ಸ್ಪರ್ಧೆಯನ್ನು 17 ಗಂಟೆಯೊಳಗೆ ಮುಗಿಸಿದರು. ಈ ವರ್ಷ ಮೊಣಕಾಲು ಕೈಕೊಟ್ಟರೆ ಮುಂದಿನ ವರ್ಷ ಇದೆ.

• ಅಲ್ಟ್ರಾಮ್ಯಾನ್ ಬಗ್ಗೆ ಕೇಳಿದೆಯಲ್ಲ: ಮೂರು ದಿನ, 10 ಕಿ.ಮೀ. ಈಜಿನಿಂದ ಶುರುವಾಗಿ ಕೊನೆಯ ದಿನ 84 ಕಿ.ಮೀ. ಓಟ, ಒಟ್ಟು 500 ಕಿ.ಮೀ. ಮೇಲೆ, ದಿನಕ್ಕೆ 12 ಗಂಟೆ ಗಡುವು. ನಟ ಮಿಲಿಂದ್ ಸೋಮನ್ 2017ರಲ್ಲಿ ಫ್ಲಾರಿಡಾದಲ್ಲಿ ಅದನ್ನು ಮುಗಿಸಿದರು. ಅದಕ್ಕೆ ಮೊದಲು, 2015ರಲ್ಲಿ ಜೂರಿಕ್‌ನಲ್ಲಿ ಐರನ್‌ಮ್ಯಾನ್ ಮುಗಿಸಿದ್ದರು. ಆ ಕ್ರಮ ಗಮನಿಸು, ಸದ್ಯ ಮಾತು ಬೇಡ.

• ಕೊನೆಯ ಎರಡು ಮೂರು ವಾರ ಅಭ್ಯಾಸ ಇಳಿಸಿದಾಗ ಮೈ ಭಾರ, ಗಂಟಲು ಕೆರೆತ, ಇಲ್ಲದ ನೋವೆಲ್ಲ ಕಾಣಿಸುತ್ತದೆ. ಹೆದರಿ ಹೋಗಿ ನೂರು ಕಿಲೋಮೀಟರ್ ತುಳಿದು ಬರಬೇಡ. ಉಗುರು ಕತ್ತರಿಸು, ಬ್ಯಾಗು ಜೋಡಿಸು, ಹಳೆಯ ಬೂಟನ್ನೇ ಇಡು.

• ಮುಗಿದ ರಾತ್ರಿ ನಿದ್ದೆ ಬರುವುದಿಲ್ಲ, ಅದು ಸಹಜ. ಅರ್ಧ ಗಂಟೆಯೊಳಗೆ ಉಪ್ಪಿರುವ ಏನಾದರೂ ತಿನ್ನು, ಸ್ವಲ್ಪ ನಡೆದಾಡು. ಅಂದೇ ವಿಮಾನ ಹತ್ತಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಒಂದು ತಿಂಗಳು ಮುಂದಿನ ಸ್ಪರ್ಧೆಗೆ ದುಡ್ಡು ಕಟ್ಟಬೇಡ. ಮರುದಿನ ಪೆಟ್ಟಿಗೆಗೆ ಹಾಕಲು ಸೈಕಲ್ ಬಿಚ್ಚುವಾಗ ಕೈಯಲ್ಲಿ ಬಲ ಇರುವುದಿಲ್ಲ, ತಲೆಯೂ ಓಡುವುದಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ: ಎಡಗಡೆ ಪೆಡಲ್‌ಗೆ ಉಲ್ಟಾ ತಿರುಪು, ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸು. ವಿಮಾನಕ್ಕೆ ಪವರ್ ಬ್ಯಾಂಕ್ ಕೈಚೀಲದಲ್ಲಿ, ಟಯರಿಗೆ ಗಾಳಿ ತುಂಬುವ ಸಿಲಿಂಡರ್ ಉಳಿದಿದ್ದರೆ ಅಲ್ಲೇ ಯಾರಿಗಾದರೂ ಕೊಟ್ಟು ಬಾ.